ಕೆವ್ಲಾರ್ ಹೆಲ್ಮೆಟ್ ಅಂತ ಪ್ಲಾಸ್ಟಿಕ್ ಕೊಟ್ಟರು, ಎಚ್ಚರ!

ಸ್ಟೀಲ್ ಹೆಲ್ಮೆಟ್ ಕೊಟ್ಟು ಫೈಬರ್ ಹೆಲ್ಮೆಟ್ (ಕೆವ್ಲಾರ್‌ನಂಥ ಗಟ್ಟಿ ನಾರಿನ ಬಟ್ಟೆಯಿಂದ ಮಾಡಿದ್ದು) ತಗೊಳ್ಳೋಣ ಅಂದುಕೊಂಡವರು ದಯವಿಟ್ಟು ಇದನ್ನು ಓದಿ.

ನಾನು ಸಂಘರ್ಷದ ಜಾಗಗಳಿಗೆ ಫೋಟೋ ತೆಗೆಯಲು ಹೋಗುವವನು. ನನ್ನ ಹತ್ತಿರ ಅಮೆರಿಕನ್ ಸೇನೆಯ ಹಳೆಯ ಎಂ1 ಸ್ಟೀಲ್ ಹೆಲ್ಮೆಟ್ ಇತ್ತು. ಅದನ್ನು ಕೊಟ್ಟು ಕೆವ್ಲಾರ್ ತಗೊಳ್ಳಲು ಹೋದೆ. ಮಾರುವವನು ಅದನ್ನು ಕೈಗೆ ತಗೊಂಡವನೇ ಅಯಸ್ಕಾಂತ ಹಿಡಿದ. ಅಂಟಲಿಲ್ಲ. "ನೋಡಿ ಸಾರ್, ಇದು ಸ್ಟೀಲೇ ಅಲ್ಲ. ಯಾರೋ ನಿಮಗೆ ಟೋಪಿ ಹಾಕಿದ್ದಾರೆ" ಅಂದ. ಅಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು. ತಲೆ ಎತ್ತಲು ಆಗಲಿಲ್ಲ. ಹೆಲ್ಮೆಟ್ಟನ್ನೂ ಕೊಟ್ಟೆ, ಅವನು ಕೇಳಿದಷ್ಟು ದುಡ್ಡನ್ನೂ ಕೊಟ್ಟೆ.

ಆಮೇಲೆ ತಿಳಿಯಿತು. ಎಂ1 ಮಾಡುತ್ತಿದ್ದದ್ದು ಹ್ಯಾಡ್‌ಫೀಲ್ಡ್ ಸ್ಟೀಲಿನಿಂದ. ಅದರಲ್ಲಿ ಸುಮಾರು ಶೇ. 12ರಷ್ಟು ಮ್ಯಾಂಗನೀಸ್ ಇರುತ್ತದೆ. ಅದಕ್ಕೇ ಅಯಸ್ಕಾಂತ ಹಿಡಿಯುವುದಿಲ್ಲ. ಅಂಟದೇ ಇದ್ದದ್ದು ಒಳ್ಳೆಯ ಗುರುತೇ ಆಗಿತ್ತು! ದಿನಾ ಹೆಲ್ಮೆಟ್ ಮಾರುವವನಿಗೆ ಇದು ಗೊತ್ತಿರುವುದಿಲ್ಲವಾ? ಗೊತ್ತಿದ್ದೇ ಮಾಡಿದ.

ಇನ್ನು ಅವನು ಕೊಟ್ಟ "ಕೆವ್ಲಾರ್". ಸ್ಕ್ರೂ ಬಿಚ್ಚಿ ತೂತಿನ ಅಂಚು ನೋಡಿದೆ. ಒತ್ತಿ ಕೂರಿಸಿದ ಹಳದಿ ಬಟ್ಟೆಯ ಪದರಗಳು ಕಾಣಬೇಕಿತ್ತು. 1980ರ ದಶಕದ ಅಮೆರಿಕನ್ ಸೇನೆಯ ಕೆವ್ಲಾರ್ ಹೆಲ್ಮೆಟ್ ಪಿಎಎಸ್‌ಜಿಟಿಯಲ್ಲೇ ಅಂಥ 19 ಪದರ ಇದ್ದವು. ಇದರಲ್ಲಿ ಒಂದೂ ಇಲ್ಲ. ಬರೀ ಪ್ಲಾಸ್ಟಿಕ್. ಒಳಗೆ ಲಾಟ್ ನಂಬರ್ ಇಲ್ಲ, ತಯಾರಾದ ವರ್ಷ ಇಲ್ಲ, ಏನೂ ಇಲ್ಲ. ಇದನ್ನು ಹಾಕಿಕೊಂಡು ನಾನು ಶೆಲ್ ಚೂರು ಹಾರುವ ಕಡೆ ನಿಲ್ಲಬೇಕಿತ್ತು!

ಹೊಟ್ಟೆ ಉರಿಯುವುದು ಯಾಕೆಂದರೆ, ಅವನು ಹೇಳಿದ ಅರ್ಧ ಮಾತು ನಿಜ. ಒಳ್ಳೆಯ ಫೈಬರ್ ಹೆಲ್ಮೆಟ್ ಹಳೆಯ ಸ್ಟೀಲಿಗಿಂತ ಚೆನ್ನಾಗಿ ಚೂರುಗಳನ್ನು ತಡೆಯುತ್ತದೆ. ಹಲವು 9 ಮಿ.ಮೀ. ಪಿಸ್ತೂಲು ಗುಂಡನ್ನೂ ತಡೆಯುತ್ತವೆ. ಆಗಲೂ ಚಿಪ್ಪು ಒಳಕ್ಕೆ ಉಬ್ಬಿ ತಲೆಗೆ ಪೆಟ್ಟಾಗಬಹುದು. ಆದರೆ "ರೈಫಲ್ ಗುಂಡೂ ನಿಲ್ಲುತ್ತೆ ಸಾರ್" ಅಂದನಲ್ಲ, ಅಂಥ ಭರವಸೆ ಸಾಮಾನ್ಯ ಫೈಬರ್ ಹೆಲ್ಮೆಟ್ಟಿಗೆ ಯಾರೂ ಕೊಡುವ ಹಾಗಿಲ್ಲ. ಜೀವದ ಜೊತೆ ಆಟ ಇದು.

ಫೋನ್ ಮಾಡಿದೆ. "ಹೊಸ ತರಹದ ಕೆವ್ಲಾರ್, ಹಾಗೇ ಕಾಣುತ್ತೆ" ಅಂದ. ಪದರ ಎಲ್ಲಿ ಅಂದರೆ, "ಸ್ಕ್ರೂ ಯಾಕೆ ಬಿಚ್ಚಿದ್ರಿ? ಇನ್ನು ವಾಪಸ್ ತಗೊಳ್ಳಲ್ಲ". ನನ್ನ ಎಂ1 ಆದರೂ ಕೊಡು ಅಂದೆ. "ಆ ತಗಡಾ? ಗುಜರಿಗೆ ಹಾಕಿದೆ." ಗುಜರಿಗಂತೆ! ಈಗ ಫೋನೇ ಎತ್ತುತ್ತಿಲ್ಲ.

ದುಡ್ಡು ಕೊಡುವ ಮೊದಲೇ ಸ್ಕ್ರೂ ಬಿಚ್ಚಿಸಿ ಅಂಚು ನೋಡಿ. ಒಳಗಿನ ಲೇಬಲ್ ಓದಿ. ಅವನು ಅಯಸ್ಕಾಂತ ತೆಗೆದರೆ ನಿಮ್ಮ ಹಳೆಯ ಹೆಲ್ಮೆಟ್ ಎತ್ತಿಕೊಂಡು ಹೊರಟುಬಿಡಿ.