ಸ್ನೋಮೊಬೈಲ್ ಹಾದಿ: ಮಿನೆಸೋಟವೋ, ಒಂಟಾರಿಯೋವೋ?

ಸ್ನೋಮೊಬೈಲ್ ಎಂದರೆ ಹಿಮದ ಮೇಲೆ ಓಡುವ ಮೋಟಾರು ವಾಹನ. ಅದರ ಸವಾರಿಗೆ ಎರಡು ಕಡೆಯೂ ಹಿಮಕ್ಕೆ ಬರವಿಲ್ಲ. ಆದರೆ ಹಾದಿಗೆ ಹಣ ಬರುವ ದಾರಿ ಬೇರೆ.

ಅಮೆರಿಕದ ಮಿನೆಸೋಟದಲ್ಲಿ ಸುಮಾರು 22,000 ಮೈಲಿ ಹಾದಿಗಳಿವೆ. ವಾಹನದ ನೋಂದಣಿ ಶುಲ್ಕ, ರಾಜ್ಯದ ಪೆಟ್ರೋಲ್ ತೆರಿಗೆಯಲ್ಲಿ ಶೇ 1ರ ಪಾಲು ಇದಕ್ಕೆಂದೇ ಮೀಸಲು. ನೈಸರ್ಗಿಕ ಸಂಪನ್ಮೂಲ ಇಲಾಖೆ ಕೊಡುವ ಅನುದಾನ ಕೌಂಟಿ (ಜಿಲ್ಲೆಯಂಥ ಆಡಳಿತ ಘಟಕ) ಅಥವಾ ನಗರಾಡಳಿತದ ಮೂಲಕ ಸ್ಥಳೀಯ ಕ್ಲಬ್ಬುಗಳನ್ನು ಸೇರುತ್ತದೆ. ಹಣ ಸರ್ಕಾರದ್ದು, ದುಡಿಮೆ ಊರಿನವರದ್ದು. ಈ ಏರ್ಪಾಡು ನನಗೆ ಬಹಳ ಹಿಡಿಸುತ್ತದೆ. ಗ್ರೂಮರ್ ಯಂತ್ರ ರಾತ್ರಿ ಉಬ್ಬುಗಳನ್ನು ಹೆರೆದು, ಸಡಿಲ ಹಿಮವನ್ನು ಒತ್ತಿ ಸಾಗಿದರೆ, ಬೆಳಗಾಗುವಷ್ಟರಲ್ಲಿ ಹಾದಿ ಸಾರಿಸಿದ ಅಂಗಳದಂತೆ ಗಟ್ಟಿಯಾಗಿರುತ್ತದೆ.

ಕೆನಡಾದ ಒಂಟಾರಿಯೋದಲ್ಲಿ ಹೊರೆ ಮುಖ್ಯವಾಗಿ ಸವಾರನ ಮೇಲೆ. ಅಲ್ಲಿನ ಕ್ಲಬ್ಬುಗಳ ಒಕ್ಕೂಟದ ಹಾದಿಗಿಳಿಯಲು ಹಣ ಕೊಟ್ಟು ಪರವಾನಗಿ ಪಡೆಯುವುದು ಕಡ್ಡಾಯ. ಹಾದಿಯ ನಿರ್ವಹಣೆ ಬಹುಪಾಲು ನಡೆಯುವುದು ಆ ಹಣದಿಂದಲೇ. ಪರವಾನಗಿ ಇಡೀ ಋತುವಿಗೂ ಸಿಗುತ್ತದೆ, ಕೆಲವೇ ದಿನಗಳಿಗೂ ಸಿಗುತ್ತದೆ. ಒಕ್ಕೂಟದ ನಕ್ಷೆಯಲ್ಲಿ ಹಸಿರು ಎಂದರೆ ಹಾದಿ ತೆರೆದಿದೆ, ಹಳದಿ ಎಂದರೆ ಎಚ್ಚರಿಕೆಯಿಂದ ಸಾಗಬೇಕು, ಕೆಂಪು ಎಂದರೆ ಮುಚ್ಚಿದೆ. ಹೊರಡುವ ಮುನ್ನ ಅದನ್ನು ನೋಡದೆ ಹೋಗಲೇಬೇಡಿ.

ವೇಗಮಿತಿಯ ಅಂತರ ದೊಡ್ಡದು: ಮಿನೆಸೋಟದಲ್ಲಿ ಗಂಟೆಗೆ 50 ಮೈಲಿ, ಒಂಟಾರಿಯೋ ಹಾದಿಗಳಲ್ಲಿ 50 ಕಿಲೋಮೀಟರ್. ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಮೊದಲ ಸಲ ಹೊರಡುವವರಿಗೆ ನಾನು ಹೇಳುವುದು ಒಂಟಾರಿಯೋ. ದಿನವಿಡೀ ದೂರ ಕ್ರಮಿಸುವ ಅನುಭವಿಗಳಿಗೆ ಮಿನೆಸೋಟ. ಆದರೆ 1976ರ ನಂತರ ಹುಟ್ಟಿದವರು ಅಲ್ಲಿ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಪಡೆದಿರಬೇಕು, ಹೊರರಾಜ್ಯದ ವಾಹನಕ್ಕೆ ಹಾದಿ ಪಾಸ್ ಕೊಳ್ಳಬೇಕು.