ಪ್ರತಿ ಹಂತದಲ್ಲಿ ದುಂಡಾಗಿಸುವುದೇ, ಕೊನೆಯಲ್ಲೇ?

ಮರದ ತುಂಡೊಂದರ ಅಂಚುಗಳು 2.3, 1.9 ಮತ್ತು 5.8 ಸೆಂ.ಮೀ. ಎಂದಿರಲಿ. ಮೊದಲ ಗುಣಲಬ್ಧ 4.37 ಅನ್ನು ಕೂಡಲೇ 4.4ಕ್ಕೆ ದುಂಡಾಗಿಸಿ ಮುಂದುವರಿದರೆ ಘನಫಲ 25.52, ಅಂದರೆ 26 ಘನ ಸೆಂ.ಮೀ. ಆಗುತ್ತದೆ; 4.37 ಅನ್ನೇ ಉಳಿಸಿಕೊಂಡರೆ 25.346 ಬಂದು, ಅಂಚುಗಳ ಅಳತೆಯಲ್ಲಿರುವಂತೆ ಎರಡು ಸಾರ್ಥಕ ಅಂಕಿಗಳಿಗೆ (ಅಂದರೆ ಅಳತೆಯ ನಿಖರತೆಯನ್ನು ತೋರಿಸುವ ಅಂಕಿಗಳಿಗೆ) 25 ಆಗುತ್ತದೆ. ಹಂತಹಂತವಾಗಿ ದುಂಡಾಗಿಸುವುದು ಬಾಯಿಲೆಕ್ಕಕ್ಕೆ ಹಗುರವೇನೋ ಹೌದು, ಆದರೆ ಆ ಒಂದು ಘನ ಸೆಂ.ಮೀ. ವ್ಯತ್ಯಾಸ ಅಳತೆಪಟ್ಟಿಯಿಂದ ಬಂದದ್ದಲ್ಲ, ನಮ್ಮ ಆತುರದಿಂದ ಬಂದದ್ದು. ಕ್ಯಾಲ್ಕುಲೇಟರ್ ಕೈಯಲ್ಲಿರುವವರು ಕೊನೆಯಲ್ಲೇ ದುಂಡಾಗಿಸಬೇಕು. ಕೈಯಲ್ಲೇ ಲೆಕ್ಕ ಮಾಡುವವರು ನಡುವಿನ ಹಂತಗಳಲ್ಲಿ ಕನಿಷ್ಠ ಒಂದು ಅಂಕಿಯನ್ನು ಹೆಚ್ಚುವರಿಯಾಗಿ ಉಳಿಸಿಕೊಂಡರೆ ಸಾಕು. ಕೂಡುವಾಗ ಮಾತ್ರ ಸಾರ್ಥಕ ಅಂಕಿಗಳನ್ನು ಎಣಿಸದೆ ದಶಮಾಂಶ ಸ್ಥಾನಗಳನ್ನು ನೋಡಬೇಕು: 18.0ರಲ್ಲಿ ಒಂದೇ ದಶಮಾಂಶ ಸ್ಥಾನ ಇರುವುದರಿಂದ 12.11 ಮತ್ತು 18.0ರ ಮೊತ್ತವನ್ನು 30.1 ಎಂದೇ ಬರೆಯಬೇಕು.