ಮೂರು ಟೋಸ್ಕಾ ಕೊಂಡೆ, ಕೊನೆಗೆ ನಿಂತಿದ್ದು ಹಳೇ ಮೋನೋ

ಟೋಸ್ಕಾ ಅಂದರೆ ಪುಚ್ಚೀನಿಯ ಆಪೆರಾ, ಹಾಡಿನಲ್ಲೇ ನಡೆಯುವ ನಾಟಕ. ನಾನು ಕೊಂಡಿದ್ದು ಅದರ ಮೂರು ಧ್ವನಿಮುದ್ರಣ. ಮೊದಲೇ ಹೇಳಿಬಿಡುತ್ತೇನೆ, ನನ್ನ ಮೆಚ್ಚಿನದು 1953ರ ಮೋನೋ, ಅಂದರೆ ಎಡ-ಬಲ ಬೇರೆಯಿಲ್ಲದೆ ಎಲ್ಲ ಧ್ವನಿಯೂ ಒಂದೇ ಆಗಿ ಬರುವಂಥದ್ದು. ಮಿಲಾನಿನ ಲಾ ಸ್ಕಾಲಾ ಆಪೆರಾ ಮಂದಿರದಲ್ಲಿ ಮುದ್ರಿಸಿದ್ದು. ಟೋಸ್ಕಾ ಆಗಿ ಮಾರಿಯಾ ಕಾಲಾಸ್, ಅವಳ ಪ್ರಿಯಕರ ಕವರದೊಸ್ಸಿಯಾಗಿ ಜುಸೆಪ್ಪೆ ದಿ ಸ್ಟೆಫಾನೊ, ಪೊಲೀಸ್ ಮುಖ್ಯಸ್ಥ ಸ್ಕಾರ್ಪಿಯಾ ಆಗಿ ಟಿಟೊ ಗೊಬ್ಬಿ, ವಾದ್ಯವೃಂದ ನಡೆಸಿದವರು ವಿಕ್ಟರ್ ದೆ ಸಬಾಟಾ. ಆದರೆ ನಾನು ಮೊದಲು ಕೊಂಡಿದ್ದು ಇದನ್ನಲ್ಲ. ಮೋನೋ ಅಂದರೆ ಹಳೇ ರೇಡಿಯೋ ಥರ ಇರುತ್ತದೆ ಅಂದುಕೊಂಡು, ಅದೇ ಕಾಲಾಸ್ 1964ರ ಡಿಸೆಂಬರಿನಲ್ಲಿ ಪ್ಯಾರಿಸ್‌ನಲ್ಲಿ ಹಾಡಿದ ಸ್ಟೀರಿಯೋ ತಗೊಂಡೆ. ಅದು ಹಿಡಿಸದೆ, ವಾದ್ಯವೃಂದ ನಿರ್ದೇಶಕ ಕರಯಾನ್ 1962ರಲ್ಲಿ ವಿಯೆನ್ನಾದಲ್ಲಿ ಮಾಡಿದ್ದನ್ನು ತಗೊಂಡೆ, ಅದರಲ್ಲಿ ಟೋಸ್ಕಾ ಲಿಯೊಂಟೀನ್ ಪ್ರೈಸ್. ಮೋನೋಗೆ ಬಂದಿದ್ದು ಮೂರನೇ ಸಲ.

1964ರದ್ದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಾಲಾಸ್ ಅವರಿಗೆ ಆಗ 41. ಗೊಬ್ಬಿ ಇಲ್ಲೂ ಇದ್ದಾರೆ, ಚೆನ್ನಾಗಿಯೇ ಹಾಡುತ್ತಾರೆ. ಆದರೆ ಮೂರನೇ ಅಂಕದಲ್ಲಿ ತಾನು ಸ್ಕಾರ್ಪಿಯಾನಿಗೆ ಚಾಕು ಹಾಕಿದ್ದನ್ನು ಟೋಸ್ಕಾ ಹೇಳುವಾಗ ಒಂದು ಎತ್ತರದ ಸ್ವರ ಬರುತ್ತದಲ್ಲ, ಅಲ್ಲಿ ಕಂಠ ಎಷ್ಟು ಅಲುಗುತ್ತದೆ ಅಂದರೆ ಕಥೆ ಬಿಟ್ಟು ಹಾಡುಗಾರ್ತಿಯ ಬಗ್ಗೆ ಚಿಂತೆ ಶುರುವಾಗುತ್ತದೆ.

ನನ್ನನ್ನು ನಿಜವಾಗಿ ಕಾಡಿದ್ದು 1962ರದ್ದು. ಅದರಲ್ಲಿ ಮೆಲ್ಲಗಿರುವುದು ತೀರಾ ಮೆಲ್ಲಗೆ, ಜೋರಾಗಿರುವುದು ತೀರಾ ಜೋರು. ನಾನು ಸಂಗೀತ ಕೇಳುವುದು ರಾತ್ರಿ ಎಲ್ಲರೂ ಮಲಗಿದ ಮೇಲೆ, ಹೆಡ್‌ಫೋನ್ ಹಾಕಿಕೊಂಡು. ಮೊದಲ ಅಂಕದ ಕೊನೆಗೆ ಚರ್ಚಿನ ದೃಶ್ಯ ಬರುತ್ತದೆ. ಗಂಟೆ ಮೆಲ್ಲಗೆ ಬಡಿಯುತ್ತಿರುತ್ತದೆ, ಸ್ಕಾರ್ಪಿಯಾ ತನ್ನೊಳಗೇ ಲೆಕ್ಕ ಹಾಕುತ್ತಿರುತ್ತಾನೆ. ಮಾತು ಕೇಳಿಸಲಿ ಅಂತ ವಾಲ್ಯೂಮ್ ಏರಿಸುತ್ತೇನೆ. ಆಮೇಲೆ ಫಿರಂಗಿ, ಆರ್ಗನ್, ಇಡೀ ಗಾಯಕವೃಂದ ಒಟ್ಟಿಗೆ ಮೇಲೇರಿ ಬಂದಾಗ ಹೆಡ್‌ಫೋನ್ ಕಿತ್ತು ಕೈಯಲ್ಲಿ ಹಿಡಿದುಕೊಳ್ಳಬೇಕಾಗುತ್ತದೆ.

ಪ್ಲೇಯರ್‌ನಲ್ಲಿ ವಾಲ್ಯೂಮ್ ಸಮ ಮಾಡುವ ಸೆಟ್ಟಿಂಗ್ ಹಾಕಿ ನೋಡಿದೆ. ಪ್ರಯೋಜನ ಆಗಲಿಲ್ಲ. ಅದು ಒಂದು ಟ್ರ್ಯಾಕನ್ನು ಇನ್ನೊಂದರ ಮಟ್ಟಕ್ಕೆ ತರುತ್ತದೆ ಅಷ್ಟೇ, ಒಂದೇ ಟ್ರ್ಯಾಕಿನೊಳಗಿನ ಏರಿಳಿತವನ್ನು ಮುಟ್ಟುವುದಿಲ್ಲ. ಮೂರನೇ ಅಂಕ ಶುರುವಾಗುವುದು ಬೆಳಗಿನ ಜಾವದಲ್ಲಿ. ದೂರದಲ್ಲಿ ಕುರಿ ಕಾಯುವ ಹುಡುಗನ ಹಾಡು, ರೋಮ್ ಊರಿನ ಚರ್ಚುಗಳ ಗಂಟೆ. ಇಡೀ ಆಪೆರಾದಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಅದು, ಅಲ್ಲೂ ನನ್ನ ಬೆರಳು ವಾಲ್ಯೂಮ್ ಗುಂಡಿಯ ಮೇಲೇ ಇರುತ್ತಿತ್ತು. ಹಾಗೆ ಕಾಯುತ್ತಾ ಕೂತರೆ ಕೇಳಿದ್ದು ಮನಸ್ಸಿಗೆ ಇಳಿಯುವುದಾದರೂ ಹೇಗೆ?

ಹಾಗಂತ ಪ್ರೈಸ್ ಅವರ ಕಂಠಕ್ಕೆ ಸಾಟಿ ಇಲ್ಲ. ಎರಡನೇ ಅಂಕದಲ್ಲಿ ಟೋಸ್ಕಾ ಒಬ್ಬಳೇ ಹಾಡುವ 'ವಿಸ್ಸಿ ದಾರ್ತೆ' ಒಂದನ್ನೇ ಇಟ್ಟುಕೊಂಡು ತೂಗಿದರೆ ನಾನೂ ಅವರಿಗೇ ಅಂಕ ಕೊಡುತ್ತೇನೆ. ಕೊನೆಯ ಎತ್ತರದ ಸ್ವರ ತುಂಬಿಕೊಂಡು ನಿಲ್ಲುತ್ತದೆ, ಎಲ್ಲೂ ಎಳೆದಂತೆ ಅನಿಸುವುದಿಲ್ಲ. ಬಿಡಿ ಹಾಡುಗಳ ಕಛೇರಿಯಾಗಿದ್ದರೆ ಅಷ್ಟೇ ಸಾಕು. ಆದರೆ ಇಲ್ಲಿ ಆ ಹಾಡಿಗೆ ಮೊದಲು ಪಕ್ಕದ ಕೋಣೆಯಲ್ಲಿ ಟೋಸ್ಕಾಳ ಪ್ರಿಯಕರನಿಗೆ ಚಿತ್ರಹಿಂಸೆ ನಡೆದಿರುತ್ತದೆ. ಅದನ್ನೆಲ್ಲ ಕೇಳಿಸಿಕೊಂಡ ಹೆಂಗಸು ಹಾಡುತ್ತಿದ್ದಾಳೆ ಅನ್ನುವುದು ಕಂಠದಲ್ಲಿ ಗೊತ್ತಾಗಬೇಕು.

ಕಾಲಾಸ್ ಗೆಲ್ಲುವುದು ಅಲ್ಲೇ. ಆ ಹಾಡಿಗೆ ಸ್ವಲ್ಪ ಮುಂಚೆ, ಕವರದೊಸ್ಸಿಯ ಜೀವ ಉಳಿಸಲು ಏನು ಕೊಡಬೇಕು ಅಂತ ಟೋಸ್ಕಾ ಕೇಳುತ್ತಾಳೆ. 'ಕ್ವಾಂಟೊ?' ಎಷ್ಟು? ಒಂದೇ ಮಾತು. 1953ರಲ್ಲಿ ಕಾಲಾಸ್ ಅವರಿಗೆ 29 ವರ್ಷ, ಎತ್ತರದ ಸ್ವರಗಳೆಲ್ಲ ಆಗ ಅವರ ಹಿಡಿತದಲ್ಲಿದ್ದವು. ಆದರೂ ಇಲ್ಲಿ ಹಾಡುವುದನ್ನು ಬಿಟ್ಟು ಮಾತಿಗಿಳಿಯುತ್ತಾರೆ. ಅಸಹ್ಯ, ಭಯ ಎರಡೂ ಆ ಒಂದು ಮಾತಿನಲ್ಲಿವೆ. ಅದೇ ಮಾತನ್ನು ಗೊಬ್ಬಿ ತಿರುಗಿಸಿ ಕೇಳುವಾಗ ಆತ ಈ ಮಾತುಕತೆಯನ್ನು ಸವಿಯುತ್ತಿದ್ದಾನೆ ಅಂತ ಗೊತ್ತಾಗಿ ಮೈ ಜುಮ್ಮೆನ್ನುತ್ತದೆ. ನಾನು ಈ ಜಾಗವನ್ನು ಹಿಂದಕ್ಕೆ ಹಾಕಿ ಹಾಕಿ ಕೇಳಿದ್ದೇನೆ.

ದಿ ಸ್ಟೆಫಾನೊ 1953ರಲ್ಲೂ ಇದ್ದಾರೆ, 1962ರಲ್ಲೂ ಇದ್ದಾರೆ, ಆದ್ದರಿಂದ ಹೋಲಿಸುವುದು ಸುಲಭ. ಒಂಬತ್ತು ವರ್ಷದಲ್ಲಿ ಮೊದಲಿನ ಮೃದುತನ ಹೋಗಿ ಕಂಠ ಒರಟಾಗಿದೆ.

ಮೋನೋದಲ್ಲಿ ಕೊರತೆ ಇಲ್ಲ ಅಂತಲ್ಲ. ಚರ್ಚಿನ ದೃಶ್ಯದಲ್ಲಿ ಗಾಯಕವೃಂದ, ವಾದ್ಯ ಎಲ್ಲ ಒಂದೇ ಮುದ್ದೆಯಾಗುತ್ತವೆ. ಅಲ್ಲಿ 1962ರದ್ದೇ ಮೇಲು. ಆದರೆ ಉಳಿದ ಕಡೆಯೆಲ್ಲ ಮೋನೋದಲ್ಲಿ ಕಂಠ ಮುಂದೆ ನಿಲ್ಲುತ್ತದೆ, ಮಾತು ಬಿಡಿಬಿಡಿಯಾಗಿ ಕೇಳಿಸುತ್ತದೆ, ಸಣ್ಣ ವಾಲ್ಯೂಮ್‌ನಲ್ಲೂ ಏನೂ ತಪ್ಪಿಹೋಗುವುದಿಲ್ಲ. ಹಳೆಯದಾದ್ದರಿಂದ ಅಗ್ಗದ ಮರುಮುದ್ರಣಗಳೂ ಸಿಗುತ್ತವೆ. ನನ್ನದೂ ಅಂಥದ್ದೇ, ಜೊತೆಗೆ ಸಾಹಿತ್ಯದ ಪುಸ್ತಕ ಬರಲಿಲ್ಲ, ಬೇರೆ ಹುಡುಕಿಕೊಂಡೆ. ಮೊದಲ ಎರಡಕ್ಕೆ ಹಾಕಿದ ದುಡ್ಡು ಲೆಕ್ಕ ಹಾಕಿದರೆ ಇದು ಏನೇನೂ ಅಲ್ಲ.

1964ರದ್ದನ್ನು ಗೊಬ್ಬಿ ಅಂದರೆ ಪ್ರಾಣ ಬಿಡುವ ಗೆಳೆಯನಿಗೆ ಕೊಟ್ಟೆ. 1962ರದ್ದು ನನ್ನ ಹತ್ತಿರವೇ ಇದೆ, ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ ಸ್ಪೀಕರ್‌ನಲ್ಲಿ ಹಾಕುತ್ತೇನೆ.